ಸೆಟ್ ಅಂದರೆ ಯಾವ ಸೆಟ್?

ಹೋದ ವೈಶಾಖದ ಒಂದು ಮಧ್ಯಾಹ್ನ. ಊಟ ಮುಗಿಸಿ, ಮುಸುರೆ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಹಾಕಿ, ನಾನು ಹಪ್ಪಳದ ಹಿಟ್ಟಿಗೆ ಕೈ ಹಚ್ಚಿದ್ದೆ. ಒಳಗೆ ಫೋನು ಹೊಡೆದುಕೊಂಡಿತು. ನಮ್ಮ ಮನೆಯವರು ಫೋನನ್ನು ಗೂಡಿನಲ್ಲೇ ಮರೆತು ಹೊಲಕ್ಕೆ ಹೋಗಿದ್ದರು. ಎತ್ತಿದವರು ನಮ್ಮ ಅತ್ತೆ. ಇವರು "ಯಾರ್ರೀ?" ಎನ್ನುವುದರೊಳಗೆ ಆ ಕಡೆಯವರು "ಹುಬ್ಬಳ್ಳಿಯಿಂದ್ರಿ, ನಿಮ್ಮ ಸೆಟ್ ರೆಡಿ ಆಗೇತ್ರಿ, ಬಂದು ಒಯ್ಯಿರಿ" ಅಂದವರೇ ಫೋನು ಇಟ್ಟುಬಿಟ್ಟರಂತೆ.

ಅತ್ತೆಯ ಮುಖ ಅರಳಿತು. "ನನ್ನ ಹಲ್ಲಿನ ಸೆಟ್ ಬಂತವ್ವಾ!" ಎಂದರು. ತಿಂಗಳ ಹಿಂದೆ ಹುಬ್ಬಳ್ಳಿಗೆ ಹೋಗಿ ಬಾಯಿಯ ಅಳತೆ ಕೊಟ್ಟು ಬಂದಿದ್ದರು. ಪಿಯುಸಿ ಓದುವ ಮಗ ಓಡಿ ಬಂದು, "ಅಲ್ಲಜ್ಜೀ, ಅದು ನನ್ನ ವಾಲಿಬಾಲ್ ಸೆಟ್. ನೆಟ್ಟು, ಬಾಲು ಎರಡೂ ಕೂಡೇ ತರಿಸ್ತೀನಿ ಅಂತ ಅಪ್ಪಾಜಿ ಹೇಳ್ಯಾರ" ಎಂದ. ಮಗಳು ಕೋಣೆಯಿಂದಲೇ ಕೂಗಿದಳು: "ನನ್ನ ಪುಸ್ತಕದ ಸೆಟ್ ಇರಬೇಕು." ಅವಳು ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಕೆ-ಸೆಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಕಾಲೇಜಿನಲ್ಲಿ ಪಾಠ ಹೇಳುವ ಸಹಾಯಕ ಪ್ರಾಧ್ಯಾಪಕರಾಗಲು ನಮ್ಮ ರಾಜ್ಯದಲ್ಲಿ ನಡೆಯುವ ಅರ್ಹತಾ ಪರೀಕ್ಷೆ ಅದು. ಅದರ ಹೆಸರಿನಲ್ಲೂ ಸೆಟ್ಟೇ ಇದೆ ನೋಡಿ! ನನಗಂತೂ ಅನುಮಾನವೇ ಇರಲಿಲ್ಲ. ನಮ್ಮ ಬೋರಿನ ಮೋಟರು ಸುಟ್ಟು, ವೈಂಡಿಂಗಿಗೆಂದು ಹುಬ್ಬಳ್ಳಿಗೆ ಹೋಗಿ ಎರಡು ವಾರವಾಗಿತ್ತು. ಎಳೆಯ ಅಡಿಕೆ ಸಸಿಗಳು ಬಾಡಿ ನಿಂತಿದ್ದವು. ಪಂಪ್‌ಸೆಟ್ ಬಂತಲ್ಲಾ, ಇನ್ನು ಸಸಿ ಬದುಕಿದವು ಎಂದುಕೊಂಡು ಹಿಟ್ಟು ನಾದಿದೆ.

ಒಂದೇ ಮನೆ, ಒಂದೇ ಫೋನು, ಒಂದೇ ಮಾತು. ನಾಲ್ಕು ಮಂದಿಗೆ ನಾಲ್ಕು ಸೆಟ್ ಕೇಳಿಸಿತ್ತು. ನಿಜವಾಗಿ ಅದು ಯಾವ ಸೆಟ್ಟು ಎಂಬುದನ್ನು ಮುಂದೆ ಹೇಳುತ್ತೇನೆ. ಅದು ಈ ನಾಲ್ಕರಲ್ಲಿ ಯಾವುದೂ ಆಗಿರಲಿಲ್ಲ.

ಆ ಸಂಜೆ ಮಗಳೂ ನಾನೂ ಹಪ್ಪಳ ಲಟ್ಟಿಸುತ್ತ, ನಾವು ದಿನಾ ಎಷ್ಟು ಸಲ ಸೆಟ್ ಎನ್ನುತ್ತೇವೆ ಎಂದು ಎಣಿಸುತ್ತ ಕೂತೆವು. ಟೀ ಸೆಟ್, ಸೋಫಾ ಸೆಟ್, ಡಬ್ಬಿ ಸೆಟ್, ಬಳೆ ಸೆಟ್, ಚೂಡಿದಾರ ಸೆಟ್. ಸಿನಿಮಾದವರು ಹಾಕುವ ಸೆಟ್. ವಾಲಿಬಾಲಿನಲ್ಲಿ 25 ಪಾಯಿಂಟಿಗೆ ಒಂದು ಸೆಟ್. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಎ ಸೆಟ್, ಬಿ ಸೆಟ್. ಹಿಂದೆ ಊರಿಗೊಂದೆರಡೇ ಇದ್ದ ಟಿ.ವಿ. ಸೆಟ್. ನಾನು ಎಸ್‌ಎಸ್‌ಎಲ್‌ಸಿ ಓದುವಾಗ ಗಣಿತದಲ್ಲೂ ಇತ್ತು; ಆದರೆ ಅಲ್ಲಿ ಅದನ್ನು 'ಗಣ' ಎನ್ನುತ್ತಿದ್ದರು. ಎರಡು ದುಂಡನೆಯ ಗೆರೆ ಹಾಕಿ, ನಡುವೆ ಕೂಡಿದ ಜಾಗಕ್ಕೆ ಬಣ್ಣ ಬಳಿದು, ಇದು ಎರಡೂ ಗಣಗಳಿಗೆ ಸೇರಿದ್ದು ಎಂದು ಮಾಸ್ತರರು ಹೇಳಿಕೊಟ್ಟದ್ದು ಈಗಲೂ ನೆನಪಿದೆ. ಗಣಪತಿಯ ಗಣ ಗಣಿತದ ಪುಸ್ತಕದಲ್ಲಿ ಕೂತಿದ್ದು ನನಗೆ ಆಗ ಬಹಳ ಚಂದ ಕಂಡಿತ್ತು.

ಇವೆಲ್ಲ ವಸ್ತುಗಳಾದವು. ಇನ್ನು ಕೆಲಸಗಳಲ್ಲಿ ನೋಡಿ. ಮೊಸರು ಸೆಟ್ ಆಯಿತು, ಸಿಮೆಂಟ್ ಸೆಟ್ ಆಯಿತು, ಮುರಿದ ಕೈ ಸೆಟ್ ಆಯಿತು, ಅಲಾರಂ ಸೆಟ್ ಮಾಡಿದೆ, ಸೀರೆಯ ನೆರಿಗೆ ಸೆಟ್ ಮಾಡು, ಹೊಸ ಊರು ಸೆಟ್ ಆಗಲಿಲ್ಲ, ಆ ಹುಡುಗನಿಗೂ ಈ ಹುಡುಗಿಗೂ ಸೆಟ್ ಆಗಲ್ಲ. ಮಾತು ಅತ್ತೆಯ ಕಿವಿಗೂ ಬಿತ್ತು. "ನಮ್ಮ ಕಾಲದಾಗ ಸೊಸಿ ಸಿಟ್ಟಾದ್ರ ಸೆಟಗೊಂಡಾಳ ಅಂತಿದ್ವಿ" ಎಂದು ನನ್ನ ಕಡೆ ನೋಡಿ ನಕ್ಕರು. ಅದು ಇಂಗ್ಲಿಷಿನದಲ್ಲ ಅತ್ತೀ, ಸೆಟೆದುಕೊಳ್ಳುವುದು ನಮ್ಮದೇ ಶಬ್ದ ಎಂದೆ. ಇರಲಿ, ಎಲ್ಲಿಯದಾದರೇನು, ಬಾಣ ನನಗೇ ಬಿಟ್ಟಿದ್ದರು!

ಇಷ್ಟು ಅರ್ಥ ನಾವು ಹಳ್ಳಿಯವರು ಹಚ್ಚಿದ್ದೋ, ಇಂಗ್ಲಿಷಿನಲ್ಲೇ ಇದ್ದದ್ದೋ ಎಂದು ನಾನು ಕೇಳಿದೆ. ಮಗಳು ತನ್ನ ಪುಸ್ತಕ ತೆರೆದು ಹೇಳಿದ್ದು ಕೇಳಿ ನನಗೆ ಲಟ್ಟಣಿಗೆ ನಿಂತುಹೋಯಿತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದನೆಯ ವಿವರಣೆ ಸಿಕ್ಕಿದ್ದು ಈ ಮೂರಕ್ಷರದ ಸೆಟ್ ಶಬ್ದಕ್ಕೆ. ಸುಮಾರು 430 ಅರ್ಥಗಳು, ಬರೆದ ಶಬ್ದಗಳೇ ಹತ್ತಿರ ಹತ್ತಿರ 60,000! ಒಂದು ದಪ್ಪ ಕಾದಂಬರಿಯಷ್ಟಾಯಿತು. ಆಮೇಲೆ ಹೊಸ ಆವೃತ್ತಿಯ ಕೆಲಸ ನಡೆದಾಗ 'ರನ್' ಎಂಬ ಶಬ್ದ 645 ಅರ್ಥ ಹೊತ್ತುಕೊಂಡು ಇದನ್ನು ಹಿಂದೆ ಹಾಕಿತಂತೆ. ಓಡುವ ಶಬ್ದವಲ್ಲವೇ, ಮುಂದೆ ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕಿಂತ ನನಗೆ ಹಿಡಿಸಿದ್ದು ಬೇರೊಂದು ಸಂಗತಿ. ನಮ್ಮಲ್ಲಿ 'ಕೂರು' ಎನ್ನುವುದಕ್ಕೆ 'ಕೂರಿಸು' ಹೇಗೋ, ಇಂಗ್ಲಿಷಿನಲ್ಲಿ 'ಸಿಟ್'ಗೆ 'ಸೆಟ್' ಹಾಗೆ. ತಾನೇ ಕೂತರೆ ಸಿಟ್, ಇನ್ನೊಂದನ್ನು ಕೂರಿಸಿದರೆ ಸೆಟ್. ಉಂಗುರದಲ್ಲಿ ಹರಳು ಕೂರಿಸುವುದು, ಹೆಪ್ಪು ಹಾಕಿ ಹಾಲನ್ನು ಕೂರಿಸುವುದು, ಮುರಿದ ಎಲುಬನ್ನು ಅದರ ಜಾಗದಲ್ಲಿ ಕೂರಿಸುವುದು, ಎಲ್ಲ ಅದೇ ಮನೆಯ ಮಕ್ಕಳು. ಆ ಸಿಟ್ ಎಂಬುದಕ್ಕೂ ಸಂಸ್ಕೃತದ 'ಸದ್' ಎಂಬ ಧಾತುವಿಗೂ ಬೇರು ಒಂದೇ ಎಂದು ಭಾಷೆ ಬಲ್ಲವರು ಹೇಳುತ್ತಾರೆ. ಸದ್ ಅಂದರೂ ಕೂರುವುದೇ. ಸದನ, ಸದಸ್ಯ, ಪರಿಷತ್ತು ಎಲ್ಲ ಅದರಿಂದಲೇ ಬಂದವು. ಗುರುವಿನ ಹತ್ತಿರ ಕೂತು ಕೇಳಿದ್ದು ಉಪನಿಷತ್ತು. ಅಂದಮೇಲೆ ನಮ್ಮ ಸೆಟ್ ದೋಸೆಗೂ ಉಪನಿಷತ್ತಿಗೂ ಎಲ್ಲೋ ಹಿಂದೆ ನೆಂಟಸ್ತಿಕೆ ಇದೆ ಎಂದಾಯಿತು!

ಆದರೆ ತಮಾಷೆಯೆಂದರೆ, ಸೆಟ್ ದೋಸೆಯ ಸೆಟ್ಟು ಮೂಲದಲ್ಲಿ ಈ ಮನೆಯದಲ್ಲ. ಗುಂಪು, ಜೊತೆ ಎಂಬ ಅರ್ಥದ ಸೆಟ್ ಶಬ್ದ ಲ್ಯಾಟಿನ್ನಿನಿಂದ ಫ್ರೆಂಚ್ ಭಾಷೆಯ ಮೂಲಕ ಬಂದದ್ದು. ಅದರ ಮೂಲ ಅರ್ಥ ಒಬ್ಬರ ಹಿಂದೆ ಹೋಗುವವರ ಗುಂಪು, ನಾವು ಪಂಥ ಎನ್ನುತ್ತೇವಲ್ಲ, ಅದು. ಎರಡು ಬೇರೆ ಊರಿನ ಶಬ್ದಗಳು ಉಚ್ಚಾರ ಒಂದೇ ಆದದ್ದರಿಂದ ಒಂದೇ ಮನೆಯಲ್ಲಿ ಸಂಸಾರ ಹೂಡಿಬಿಟ್ಟವು. ಮಗಳು ಇದನ್ನೆಲ್ಲ ಹೇಳುವಾಗ ನನಗೆ ನಮ್ಮ ತಂದೆಯವರ ನೆನಪಾಯಿತು. 1991ರಲ್ಲಿ ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಅಂಕಣ ಶುರುವಾದ ಮೇಲೆ ಅದನ್ನು ಕತ್ತರಿಸಿ ಹಳೇ ಡೈರಿಯಲ್ಲಿ ಅಂಟಿಸುತ್ತಿದ್ದರು. ವೆಂಕಟಸುಬ್ಬಯ್ಯನವರು 2021ರಲ್ಲಿ 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಂದೆಯವರು ಅವರಿಗಿಂತ ಎಷ್ಟೋ ಮೊದಲೇ ಹೋದರು. ಡೈರಿ ಮಾತ್ರ ಮಗಳ ಹತ್ತಿರ ಇದೆ.

ಅಡಿಗೆಮನೆಯ ಸೆಟ್ಟಿನ ಬಗ್ಗೆ ನನಗೊಂದು ಮಾತು ಹೇಳಲೇಬೇಕು. ಮೊಸರು ಸೆಟ್ ಆಗಲಿಲ್ಲ ಎಂದು ನಮ್ಮ ಓಣಿಯ ಹೊಸ ಸೊಸೆಯೊಬ್ಬಳು ಕೇಳಿಕೊಂಡು ಬಂದಿದ್ದಳು. ಹಾಲು ಕಾದು ಆರಿ, ಕಿರುಬೆರಳು ಅದ್ದಿದರೆ ಹಿತವಾದ ಬಿಸಿ ಇರುವಾಗ ಹೆಪ್ಪು ಹಾಕಬೇಕು. ಕುದಿವ ಹಾಲಿಗೆ ಹಾಕಿದರೆ ಹೆಪ್ಪಿನ ಜೀವ ಸಾಯುತ್ತದೆ, ತಣ್ಣಗಿದ್ದರೆ ಅದು ಏಳುವುದೇ ಇಲ್ಲ. ಹಾಕಿದ ಮೇಲೆ ಪಾತ್ರೆ ಅಲುಗಿಸಬಾರದು. "ಹೆಪ್ಪು ಹಾಕೋದು ಅಂದ್ರ ಸೆಟ್ ಮಾಡೋದಾ ಅಕ್ಕಾ?" ಎಂದು ಆ ಹುಡುಗಿ ಕೇಳಿದಳು! ಹೆಪ್ಪು ಅಂದರೆ ಪಾತ್ರೆಯ ತಳದಲ್ಲಿ ಉಳಿದ ನಿನ್ನೆಯ ಮೊಸರು, ಅದನ್ನು ಪಕ್ಕದ ಮನೆಯಿಂದ ಬಟ್ಟಲಲ್ಲಿ ಕಡ ತರುವುದು, ಇವೆಲ್ಲ ಆ ಶಬ್ದದೊಳಗೆ ಇದ್ದವು. ಸೆಟ್ ಎಂದರೆ ಅದೊಂದೂ ಇಲ್ಲ.

ಸಿಮೆಂಟಿನದೂ ಹಾಗೆಯೇ. ನಮ್ಮ ಬಚ್ಚಲುಮನೆಗೆ ಗಿಲಾವು ಮಾಡಿಸುವಾಗ ಗೌಂಡಿಗಳು ಒಮ್ಮೆಲೇ ಒಂದು ಚೀಲ ಕಲಸಿಟ್ಟು ಚಹಾ ಕುಡಿಯಲು ಹೋದರು. ಸಾಮಾನ್ಯ ಸಿಮೆಂಟು 30 ನಿಮಿಷಕ್ಕಿಂತ ಮೊದಲು ಬಿಗಿಯಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿಯಬೇಕು ಎಂದು ನಮ್ಮ ದೇಶದ ಮಾನಕ ಇದೆ. ಬಿಗಿಯಲು ಹತ್ತಿದ ಮೇಲೆ ಮತ್ತೆ ನೀರು ಹಾಕಿ ಕಲಸಿದರೆ ಗಟ್ಟಿಯಾಗುವುದಿಲ್ಲ, ಮುಂದೆ ಉದುರುತ್ತದೆ. ಮನೆ ಕಟ್ಟಿಸುವ ಸೋದರಿಯರು ಇದನ್ನೊಂದು ನೆನಪಿಡಿ.

ಇಷ್ಟಾದ ಮೇಲೆ ಸಂಜೆ ನಮ್ಮ ಮನೆಯವರು ಹೊಲದಿಂದ ಬಂದರು. "ಹುಬ್ಬಳ್ಳಿಯಿಂದ ಫೋನ್ ಬಂದಿತ್ತು, ಸೆಟ್ ರೆಡಿ ಆಗೇತಂತ" ಎಂದೆ. ಫೋನು ತೆಗೆದು ನಂಬರು ನೋಡಿದರು. ಮುಖ ಒಂದು ಥರ ಆಯಿತು. "ಹಾಂ, ಪಂಪಿಂದು" ಎಂದು ಕೈಕಾಲು ತೊಳೆಯಲು ಹೋದರು. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡನ ದನಿಯಲ್ಲಿ ಸುಳ್ಳು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಇದಕ್ಕೆ ಹಿಂದಿನ ಕಥೆ ಹೇಳಬೇಕು. ಫೋನು ಬರುವ ತಿಂಗಳಿಗೆ ಮೊದಲು ಮಗಳನ್ನು ನೋಡಲು ಹಾನಗಲ್ಲ ಕಡೆಯಿಂದ ಬಂದಿದ್ದರು. ಮಧ್ಯಸ್ಥಿಕೆ ವಹಿಸಿದವರು ದೂರದ ಸಂಬಂಧದಲ್ಲಿ ನನಗೆ ಕಾಕಾ ಆಗಬೇಕು. "ಹುಡುಗ ಸೆಟ್ಲ್ ಆಗ್ಯಾನ ತಂಗಿ. ನಿನ್ನ ಮಗಳ ಲೈಫ್ ಸೆಟ್" ಎಂದು ಹೇಳಿಯೇ ಕರೆತಂದಿದ್ದರು. ಅಟ್ಟದ ಮೇಲಿನ ಟೀ ಸೆಟ್ ಇಳಿಸಿ ತೊಳೆದೆ. ಆರು ಕಪ್ಪು, ಆರು ಬಸಿ. ಅದು ನಮ್ಮಲ್ಲಿ ಹೆಣ್ಣು ನೋಡಲು ಬಂದಾಗ ಬಿಟ್ಟರೆ ಇಳಿಯುವುದೇ ಇಲ್ಲ. ಹುಡುಗ ಒಳ್ಳೆಯವನಂತೆಯೇ ಕಂಡ. ಅವನ ತಾಯಿಯೂ ನಗುತ್ತ ಮಾತನಾಡಿದರು. ಉಪ್ಪಿಟ್ಟು, ಶಿರಾ ತಿಂದರು. ಏಳುವ ಹೊತ್ತಿಗೆ ಕಾಕಾ ನಮ್ಮವರನ್ನು ಪಡಸಾಲೆಯ ಮೂಲೆಗೆ ಕರೆದು, "ಅವರು ಏನೂ ಕೇಳೂದಿಲ್ಲಪಾ. ಹುಡುಗೀಗೆ ಒಂದು ಸೆಟ್ ಹಾಕಿಬಿಡ್ರಿ, ಸಾಕು" ಎಂದರು.

ಏನೂ ಕೇಳುವುದಿಲ್ಲ, ಒಂದು ಸೆಟ್ ಸಾಕು! ಒಳಗೆ ಬಾಗಿಲ ಹಿಂದೆ ನಿಂತ ನನಗೂ ಆ ಕ್ಷಣಕ್ಕೆ ಅದು ಸಣ್ಣ ಮಾತೇ ಎನ್ನಿಸಿತು. ಟೀ ಸೆಟ್ಟಿನಂತೆ, ಬಳೆ ಸೆಟ್ಟಿನಂತೆ.

ರಾತ್ರಿ ಮಲಗಿದ ಮೇಲೆ ಲೆಕ್ಕ ಹಾಕಿದೆ. ನಮ್ಮ ಅತ್ತೆಯ ಮದುವೆಯಲ್ಲಿ ಯಾರೂ ಸೆಟ್ ಎಂದಿರಲಿಲ್ಲ. ಬೋರಮಾಳ ಇಷ್ಟು ತೊಲೆ, ಪಾಟ್ಲಿ ಇಷ್ಟು, ಬೆಂಡವಾಲಿ, ಬುಗುಡಿ, ಗುಂಡಿನ ಸರ ಎಂದು ಒಂದೊಂದಕ್ಕೂ ಹೆಸರಿತ್ತು, ತೂಕವಿತ್ತು. ಕೊಡುವವರಿಗೂ ಗೊತ್ತು, ಇಲ್ಲ ಎನ್ನುವವರಿಗೂ ಗೊತ್ತು. ಸೆಟ್ ಎಂದರೆ ಎರಡು ತೊಲೆಯೂ ಆಗಬಹುದು, ಹತ್ತು ತೊಲೆಯೂ ಆಗಬಹುದು. ತೊಲೆಗೆ 10 ಗ್ರಾಂ ಹಿಡಿದರೂ ಈಗಿನ ಬಂಗಾರದ ದರದಲ್ಲಿ ನಮ್ಮಂಥವರ ಒಂದು ವರ್ಷದ ಬೆಳೆ ಎಲ್ಲಿಗೂ ಸಾಲುವುದಿಲ್ಲ. ಕೇಳಿದವರ ಮರ್ಯಾದೆಯೂ ಉಳಿಯಿತು, ಕೊಡುವವರ ಎದೆಯ ಮೇಲೆ ಕಲ್ಲೂ ಕೂತಿತು. ವರದಕ್ಷಿಣೆ ಎನ್ನುವ ಶಬ್ದವನ್ನು ಆ ದಿನ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ತರಲಿಲ್ಲ. ತಂದಿದ್ದರೆ ಕಾಕಾನೇ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಆಗ ನನಗೆ ಹೊಳೆಯಿತು. ಕನ್ನಡದಲ್ಲಿ ಹೇಳಲು ನಾಚಿಕೆಯಾಗುವುದನ್ನೆಲ್ಲ ನಾವು ಈ ಶಬ್ದದಡಿ ಮುಚ್ಚಿಡುತ್ತೇವೆ. ಯಾವುದೋ ಕಾಗದದ ಕೆಲಸಕ್ಕೆ ಹೋದಾಗ ಚಹಾದಂಗಡಿಯಲ್ಲಿ ಒಬ್ಬ "ಸಾಹೇಬ್ರನ್ನ ಸೆಟ್ ಮಾಡೀನಿ, ಚಿಂತಿ ಮಾಡಬ್ಯಾಡ್ರಿ" ಎನ್ನುತ್ತಿದ್ದ. ಲಂಚ ಕೊಟ್ಟಿದ್ದೇನೆ ಎಂದು ಅಷ್ಟು ಜೋರಾಗಿ ಹೇಳುವ ಧೈರ್ಯ ಅವನಿಗಿತ್ತೇ? ಓಣಿಯಲ್ಲಿ ಗಂಡ ಹೊಡೆದು ತವರಿಗೆ ಬಂದ ಹುಡುಗಿಯ ವಿಷಯ ಬಂದರೆ "ಅವರಿಬ್ಬರಿಗೂ ಸೆಟ್ ಆಗಲಿಲ್ಲಂತ" ಎನ್ನುತ್ತೇವೆ. ಹೊಡೆದ ಅನ್ನುವುದಿಲ್ಲ. ನಾನೂ ಹಾಗೆ ಅಂದವಳೇ.

ನನ್ನದೇ ಸೆಟ್ಟಿನ ಕಥೆಯೂ ಆ ರಾತ್ರಿ ನೆನಪಿಗೆ ಬಂತು. 2001ರಲ್ಲಿ ಮದುವೆಯಾಗಿ ಪಾಳಾಕ್ಕೆ ಬರುವಾಗ ನಮ್ಮ ತಂದೆ ನೆಕ್ಲೆಸ್, ಝುಮಕಿ, ಎರಡು ಬಳೆ, ಒಂದು ಉಂಗುರ ಮಾಡಿಸಿದ್ದರು. ಒಟ್ಟು ನಾಲ್ಕೂವರೆ ತೊಲೆ. ಅದಕ್ಕಾಗಿ ಅವರು ಏನು ಮಾರಿದರು ಎಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. 2010ರಲ್ಲಿ ಬೋರು ಹೊಡೆಸಿದೆವು, ನೀರು ಬಿತ್ತು. ಪಂಪ್‌ಸೆಟ್ಟಿಗೆ ದುಡ್ಡು ಬೇಕಾಯಿತು. ಪಂಪು, ಮೋಟರು, ಪೈಪು, ಕೇಬಲ್ಲು, ಸ್ಟಾರ್ಟರು ಎಲ್ಲ ಕೂಡಿ ಒಂದು ಸೆಟ್. ನಾನೇ ಗೋದ್ರೇಜ್ ಕಪಾಟಿನಿಂದ ನನ್ನ ಸೆಟ್ ತೆಗೆದು ಕೊಟ್ಟೆ, ಅಡ ಇಟ್ಟೆವು. ವರ್ಷದೊಳಗೆ ಬಿಡಿಸಿಕೊಡ್ತೀನಿ ಎಂದರು. ಮಳೆ ಒಂದು ವರ್ಷ ಬಂತು, ಒಂದು ವರ್ಷ ಬರಲಿಲ್ಲ. ಬಡ್ಡಿ ಬೆಳೆಯಿತು, ನೋಟೀಸು ಬಂತು. 2013ರಲ್ಲಿ ಬಂಗಾರವನ್ನೇ ಮಾರಿ ಸಾಲ ತೀರಿಸಿದೆವು. ನಾನು ಅತ್ತಿಲ್ಲ. ನೀರು ಬಂದು ನಾಲ್ಕು ಗುಂಟೆಯಲ್ಲಿ ಭತ್ತದ ಜೊತೆ ತರಕಾರಿ ಬೆಳೆದು ಮಕ್ಕಳ ಫೀ ಕಟ್ಟಿದ್ದೂ ಅದೇ ಪಂಪಿನಿಂದ. ಆದರೆ ಮದುವೆ ಮನೆಗಳಿಗೆ ಹೋದಾಗ ಕೊರಳು ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ಮಾತ್ರ ಎಷ್ಟೋ ವರ್ಷ ಹೋಗಲಿಲ್ಲ.

ಫೋನು ಬಂದ ಮರುದಿನ ಬೆಳಗಿನ ಚಹಾ ಕೊಡುತ್ತ ಕೇಳಿದೆ. "ಖರೇ ಹೇಳ್ರಿ, ಯಾವ ಸೆಟ್?"

ಅವರು ಸ್ವಲ್ಪ ಹೊತ್ತು ಬಸಿಯಲ್ಲಿದ್ದ ಚಹಾ ನೋಡುತ್ತ ಕೂತರು. "ಬಂಗಾರದ್ದು" ಎಂದರು. ಗೋವಿನಜೋಳ ಮಾರಿದ ದುಡ್ಡಿನಲ್ಲಿ ಮೋಟರು ರಿಪೇರಿಗೆಂದು ಇಟ್ಟಿದ್ದನ್ನು ಹುಬ್ಬಳ್ಳಿಯ ಒಂದು ಅಂಗಡಿಗೆ ಮುಂಗಡ ಕೊಟ್ಟಿದ್ದರು. ಉಳಿದದ್ದಕ್ಕೆ ಸಾಲ ಮಾಡುವವರಿದ್ದರು. ಮೋಟರು ಅಂಗಡಿಯಲ್ಲಿ ಬಿಚ್ಚಿದ ಹಾಗೇ ಬಿದ್ದಿತ್ತು. "ಒಳ್ಳೇ ಸಂಬಂಧ ಕೈ ಬಿಟ್ಟು ಹೋಗಬಾರದಂತ ಮಾಡಿದೆ. ನಿನಗ ಹೇಳಿದ್ರ ನೀ ಸುಮ್ಮನ ಚಿಂತಿ ಮಾಡ್ತಿ ಅಂತ" ಎಂದರು. ಸಿಟ್ಟು ಬಂತು, ನಿಜ. ಆದರೆ ಆ ಮನುಷ್ಯ ಬಾಡುವ ಸಸಿಗಳ ಮುಂದೆ ದಿನಾ ಹೋಗಿ ನಿಂತು ಬರುತ್ತಿದ್ದುದನ್ನು ನೋಡಿದ್ದೆನಲ್ಲ, ಬಾಯಿ ಕಟ್ಟಿತು. ಹಿಂದೆ ನನ್ನ ಬಂಗಾರದ ಸೆಟ್ ಪಂಪ್‌ಸೆಟ್ ಆಯಿತು. ಈಗ ಪಂಪ್‌ಸೆಟ್ಟಿನ ದುಡ್ಡು ಮತ್ತೊಂದು ಬಂಗಾರದ ಸೆಟ್ಟಿಗೆ ಹೊರಟಿತ್ತು.

ಮಗಳಿಗೆ ಹೇಳದೆ ಇರಲಾಗಲಿಲ್ಲ. ಅವಳು ಅಳಲಿಲ್ಲ, ಕೂಗಲಿಲ್ಲ. "ಅವ್ವಾ, ಎಷ್ಟು ತೊಲಿ ಅಂತ ಅವರು ಹೇಳ್ಯಾರ? ಮೊದಲ ಅದನ್ನ ಕೇಳು" ಎಂದಳು.

ನಮ್ಮ ಮಹಿಳಾ ಸಂಘದ ಸಭೆಗೆ ಒಮ್ಮೆ ಬಂದಿದ್ದ ವಕೀಲೆಯೊಬ್ಬರು ಹೇಳಿದ್ದು ನನ್ನ ನೆನಪಿನಲ್ಲಿತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ದುಡ್ಡು ಎಂದಷ್ಟೇ ಇಲ್ಲ. ಮದುವೆಗೆ ಸಂಬಂಧಿಸಿ, ಮೊದಲಾಗಲಿ ಆಮೇಲಾಗಲಿ, ನೇರವಾಗಿ ಆಗಲಿ ಸುತ್ತುಬಳಸಿ ಆಗಲಿ ಕೊಡುವ, ಕೊಡಲು ಒಪ್ಪುವ ಬೆಲೆಬಾಳುವ ಯಾವ ವಸ್ತುವೂ ವರದಕ್ಷಿಣೆಯೇ. ತೆಗೆದುಕೊಂಡವರಿಗಷ್ಟೇ ಅಲ್ಲ, ಕೊಟ್ಟವರಿಗೂ ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಹೇಳಿದೆ. ಬರೀ ಕೇಳಿದ್ದಕ್ಕೇ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲಿದೆ. ಯಾರೂ ಕೇಳದೆ ತಂದೆತಾಯಿ ಪ್ರೀತಿಯಿಂದ, ಪದ್ಧತಿಯಂತೆ, ತಮ್ಮ ಶಕ್ತಿಗೆ ತಕ್ಕಷ್ಟು ಮಗಳಿಗೆ ಕೊಟ್ಟದ್ದು ಬೇರೆ. ಆದರೆ ಅದಕ್ಕೂ ಪಟ್ಟಿ ಬರೆದು ಸಹಿ ಮಾಡಿಸಿಡಬೇಕೆಂದು 1985ರಲ್ಲಿ ನಿಯಮ ಮಾಡಿದ್ದಾರೆ. ಹಾಗೆ ಕೊಟ್ಟದ್ದು ಸ್ತ್ರೀಧನ, ಅದು ಹೆಣ್ಣಿನ ಸ್ವಂತ ಸೊತ್ತು. ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿಯವರ ಮೊಕದ್ದಮೆಯಲ್ಲಿ ಇದನ್ನು ಹೇಳಿತು. 2024ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿದೆ: ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಬಹುದು, ಆದರೆ ಅದನ್ನಾಗಲಿ ಅದರ ಬೆಲೆಯನ್ನಾಗಲಿ ಮರಳಿ ಕೊಡುವುದು ಅವನ ನೈತಿಕ ಹೊಣೆ. ಈ ಮಾತು ಓದಿ ಹೇಳಿದಾಗ ನಮ್ಮ ಮನೆಯವರು ಕೆಮ್ಮಿದರು. ನಾನು ಏನೂ ಅನ್ನಲಿಲ್ಲ.

ಮಧ್ಯಾಹ್ನ ನಾನೇ ಕಾಕಾನಿಗೆ ಫೋನು ಮಾಡಿದೆ. ಎದೆ ಡವಗುಟ್ಟುತ್ತಿತ್ತು. "ಕಾಕಾ, ಅವತ್ತು ಸೆಟ್ ಅಂದ್ರಲ್ಲ, ಯಾವ ಸೆಟ್ರೀ? ಏನೇನು ಇರಬೇಕು, ಎಷ್ಟು ತೊಲಿ?"

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ಅಂಥಾದ್ದನ್ನೆಲ್ಲ ಬಾಯಿ ಬಿಟ್ಟು ಕೇಳೂದೇನವ್ವಾ ತಂಗಿ? ಎಲ್ಲಾರೂ ಹಾಕೂದು ಗೊತ್ತೇ ಐತಲ್ಲ, ಒಂದು ಏಳೆಂಟು ತೊಲಿ..."

"ಅಂದ್ರ ವರದಕ್ಷಿಣಿ ಕಾಕಾ?"

"ಛೇ ಛೇ, ಅವರು ಅಂಥಾ ಮಂದಿ ಅಲ್ಲ! ಬರೇ ಒಂದು ಸೆಟ್."

"ಬರೇ ಒಂದು ಸೆಟ್ಟಿಗೆ ನಮ್ಮ ಹತ್ರ ಇಲ್ರಿ ಕಾಕಾ. ಹುಡುಗಿ ಓದಾಕತ್ತಾಳ. ಅವರಿಗೆ ಹುಡುಗಿ ಸಾಕು ಅನ್ನಿಸಿದ್ರ ಬರಲಿ" ಎಂದು ಇಟ್ಟೆ. ಆಮೇಲೆ ಅವರಿಂದ ಫೋನು ಬರಲಿಲ್ಲ. ಓಣಿಯಲ್ಲಿ ನಾಲ್ಕು ಜನ ನಾಲ್ಕು ಮಾತು ಆಡಿದರು. ಬಂದ ಲಕ್ಷ್ಮಿಯನ್ನು ಬಾಗಿಲಿಂದ ಕಳಿಸಿದಳು ಎಂದರಂತೆ. ಲಕ್ಷ್ಮಿಯನ್ನು ನಾವೇ ತೂಕ ಮಾಡಿ ಕಳಿಸಬೇಕಾಗಿತ್ತು ಎಂದು ಅವರಿಗೆ ಯಾರು ಹೇಳಬೇಕು? ಆದರೂ ಕೆಲವು ರಾತ್ರಿ ನಿದ್ದೆ ಬರಲಿಲ್ಲ. ಹುಡುಗ ಒಳ್ಳೆಯವನೇ ಇದ್ದನೇನೋ, ಅವನಿಗೆ ಈ ವಿಷಯ ಗೊತ್ತೇ ಇರಲಿಲ್ಲವೇನೋ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಬಂಗಾರದಂಗಡಿಗೆ ಮೂರು ಸಲ ಅಲೆದೆವು. ಮಾಡಿಟ್ಟ ವಸ್ತು, ದುಡ್ಡು ಮರಳಿ ಬರುವುದಿಲ್ಲ ಎಂದರು. ಮೂರನೆಯ ಸಲ ನಾನೇ ಹೋಗಿ ಕೂತಾಗ, ಸ್ವಲ್ಪ ಮುರಿದುಕೊಂಡು ಉಳಿದದ್ದು ಕೊಟ್ಟರು. ಆ ಸೆಟ್ಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದೆ, ಚಂದವೇ ಇತ್ತು. ಪೆಟ್ಟಿಗೆಯ ಮೇಲೆ ಇಡೀ ಸೆಟ್ಟಿಗೆ ಒಂದೇ ತೂಕ ಬರೆದಿದ್ದರು. ಸೋದರಿಯರೇ, ಬಂಗಾರ ಕೊಳ್ಳುವಾಗ ಹೀಗೆ ಒಟ್ಟು ತೂಕ ಬರೆಸಿಕೊಳ್ಳಬೇಡಿ. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. 2023ರ ಏಪ್ರಿಲ್‌ನಿಂದ ಅಕ್ಷರ-ಅಂಕಿ ಸೇರಿದ ಆರು ಗುರುತಿನ ಸಂಖ್ಯೆ ಇರಬೇಕು. ಹಾರಕ್ಕೆ ಬೇರೆ, ಬಳೆಗೆ ಬೇರೆ, ಒಂದೊಂದು ವಸ್ತುವಿಗೂ ಅದರದೇ ಸಂಖ್ಯೆ ಇರುತ್ತದೆ. ಎರಡು ಗ್ರಾಮಿಗಿಂತ ಕಡಿಮೆ ಇದ್ದದ್ದಕ್ಕೆ ವಿನಾಯಿತಿ ಇದೆ. ಬಿಲ್ಲಿನಲ್ಲಿ ಒಂದೊಂದರ ತೂಕ, ಕೂಲಿ, ಹರಳಿನ ತೂಕ ಬೇರೆ ಬೇರೆ ಬರೆಸಿ, ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ.

ಆ ದುಡ್ಡಿನಲ್ಲಿ ಮೋಟರು ರಿಪೇರಿ ಆಗಿ ಬಂತು. ಅಷ್ಟರಲ್ಲಿ ಎರಡು ಸಾಲು ಸಸಿ ಒಣಗಿದ್ದವು. ಉಳಿದವು ಚಿಗುರಿವೆ. ಮಗಳು ಕೆ-ಸೆಟ್ ಬರೆದಳು. ಮೊದಲ ಸಲ ಆಗಲಿಲ್ಲ, ಕೆಲವೇ ಅಂಕದಲ್ಲಿ ಹೋಯಿತು. ಮತ್ತೆ ಕಟ್ಟುತ್ತೇನೆ ಎಂದು ಕೂತಿದ್ದಾಳೆ. ಅಲ್ಲಿಯವರೆಗೆ ಸಂಜೆ ಪಡಸಾಲೆಯಲ್ಲಿ ಹತ್ತಾರು ಮಕ್ಕಳಿಗೆ ಪಾಠ ಹೇಳುತ್ತಾಳೆ.

ಅತ್ತೆಯ ಹಲ್ಲಿನ ಸೆಟ್ ಬಂದದ್ದು ಆಷಾಢದಲ್ಲಿ. ಅವತ್ತು ಫೋನು ಎತ್ತಿದವರೂ ಅವರೇ. "ಸೆಟ್ ರೆಡಿ ಆಗೇತ್ರಿ" ಎಂದ ಕೂಡಲೇ "ಯಾವ ಸೆಟ್ರೀ? ಹೆಸರು ಹೇಳಿ ಮಾತಾಡ್ರಿ" ಎಂದು ಗದರಿದರು. ಹಲ್ಲು ಬಂದ ಖುಷಿಗೆ ಮರುದಿನ ಸೆಟ್ ದೋಸೆ ಮಾಡಿದೆ. ಎರಡು ಕಪ್ ದೋಸೆ ಅಕ್ಕಿ, ಅರ್ಧ ಕಪ್ ಉದ್ದಿನಬೇಳೆ, ಒಂದು ಚಮಚೆ ಮೆಂತೆ ಐದಾರು ತಾಸು ನೆನೆಸಿ, ಅರ್ಧ ಕಪ್ ಗಟ್ಟಿ ಅವಲಕ್ಕಿಯನ್ನು ರುಬ್ಬುವ ಮೊದಲು ಹತ್ತು ನಿಮಿಷ ನೆನೆಸಿ ಸೇರಿಸಿ, ನುಣ್ಣಗೆ ರುಬ್ಬಿ, ರಾತ್ರಿ ಹುಳಿ ಬರಲು ಬಿಡಬೇಕು. ಬೆಳಿಗ್ಗೆ ಉಪ್ಪು ಹಾಕಿ, ಕಾವಲಿಯ ಮೇಲೆ ದಪ್ಪಗೆ ಸಣ್ಣಗೆ ಹೊಯ್ದು, ಹೆಚ್ಚು ಹರಡದೆ, ಮುಚ್ಚಳ ಮುಚ್ಚಿ ಒಂದೇ ಬದಿ ಬೇಯಿಸಿದರೆ ಮೇಲೆಲ್ಲ ತೂತು ಬಿದ್ದು ಮೆತ್ತಗಾಗುತ್ತದೆ. ತಟ್ಟೆಗೆ ಮೂರು ಹಾಕಿ, ಪಕ್ಕಕ್ಕೆ ಸಾಗು ಬಡಿಸಿ ಅತ್ತೆಯ ಮುಂದಿಟ್ಟೆ. ಅವರು ದೋಸೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೊಸ ಹಲ್ಲಿನ ಸೆಟ್ಟನ್ನು ಮೆಲ್ಲಗೆ ಬಾಯಿಂದ ತೆಗೆದು, ಸೆರಗಿನಲ್ಲಿ ಒರೆಸಿ, ನೀರಿನ ಲೋಟದಲ್ಲಿ ಇಟ್ಟು, ಇದಕ್ಕ ಅದು ಬ್ಯಾಡ ಎಂದು ಬೊಚ್ಚು ಬಾಯಲ್ಲೇ ಒಂದರ ಮೇಲೊಂದು ಮೂರನ್ನೂ ತಿಂದರು.